ಗಾಳಿಗೆ ತಕ್ಕ ತೂಕ

ಎಲ್ಲದಕ್ಕೂ ಮೂಲ ಒಂದು ಜಾಲಿಮುಳ್ಳು. ಮುಳ್ಳಿಗೂ ದೇವರು ಏನಾದರೊಂದು ಕೆಲಸ ಒಪ್ಪಿಸಿರುತ್ತಾನೆ ಎಂದು ಹಿರಿಯರು ಹೇಳುತ್ತಾರೆ. ಈ ಮುಳ್ಳಿಗೆ ಒಪ್ಪಿಸಿದ ಕೆಲಸವೆಂದರೆ, ಕಮಲಾಪುರದ ಹತ್ತಿರದ ಗುಡ್ಡದ ಮೇಲೆ ಬೆಂಗಳೂರಿನ ದಂಪತಿಗಳ ರೆಕ್ಕೆಯನ್ನು ಒಂದೂವರೆ ಗಜ ಸೀಳುವುದು.

ರೆಕ್ಕೆಯೆಂದರೆ ಬಟ್ಟೆಯ ರೆಕ್ಕೆ, ಪ್ಯಾರಾಗ್ಲೈಡರ್. ಅದಕ್ಕೆ ಇಂಜಿನಿಲ್ಲ, ಎಣ್ಣೆಯಿಲ್ಲ. ಆಷಾಢದ ಗಾಳಿ ಬಯಲೆಲ್ಲ ಓಡಿ ಬಂದು ಗುಡ್ಡದ ಎದೆಗೆ ಬಡಿಯುತ್ತದೆ. ಮುಂದೆ ದಾರಿ ಕಾಣದೆ ಮೇಲಕ್ಕೇರುತ್ತದೆ. ಆ ಏರುಗಾಳಿಯ ಮೇಲೆ ಬಟ್ಟೆ ಹರಡಿ ತೂಗುಬಿದ್ದರೆ, ಗುಡ್ಡದ ಉದ್ದಕ್ಕೂ ಹೋಗಿ ಬಂದು, ಹೋಗಿ ಬಂದು, ತಾಸುಗಟ್ಟಲೆ ತೇಲಬಹುದು. ಗುಡ್ಡ ದಾಟಿದ ಗಾಳಿ ಆಚೆಗೆ ಮತ್ತೆ ಅಲೆಯಾಗಿ ಏಳುತ್ತದೋ ಇಲ್ಲವೋ ಎಂದು ತಿಳಿಯುವ ಹುಚ್ಚು ವಿವೇಕಾನಂದ, ವಿದ್ಯಾವತಿ ಎಂಬ ಈ ಪೈಲಟ್ ದಂಪತಿಗೆ. ಅದಕ್ಕಾಗಿ ತಿಂಗಳಿಡೀ ಗುಡ್ಡದ ಮೇಲೆ ಡೇರೆ ಹಾಕಿದ್ದರು.

ಹರಿದ ರೆಕ್ಕೆ ಕಲಬುರಗಿಯ ಮೋಮಿನಪುರಕ್ಕೆ, ಮಕ್ಬೂಲನ ಅಂಗಡಿಗೆ ಬಂತು. ಮಕ್ಬೂಲ ಮೂವತ್ತು ವರ್ಷದಿಂದ ಶಾಮಿಯಾನ ಹೊಲಿಯುವವನು. ಅವನು ಎರಡು ದಿನ ಕೂತು, ಕಣ್ಣಿಗೂ ಕಾಣದ, ಬೆರಳಿಗೂ ಸಿಗದ ಹಾಗೆ ಹೊಲಿದು ಕೊಟ್ಟ. ಕೂಲಿ ಎಷ್ಟೆಂದು ವಿವೇಕಾನಂದ ಕೇಳಿದರೆ ಮಕ್ಬೂಲ ನಾಚಿಕೊಂಡು ಅಳತೆಯ ಟೇಪನ್ನು ಬೆರಳಿಗೆ ಸುತ್ತಿಕೊಂಡ.

"ಕೂಲಿ ಬ್ಯಾಡ್ರಿ ಸಾಹೇಬ್ರ. ಮೂವತ್ತ ವರ್ಷ ಮಂದಿ ತಲಿ ಮ್ಯಾಲ ಬಟ್ಟಿ ಕಟ್ಟೀನಿ. ಆ ಬಟ್ಟಿ ಮ್ಯಾಗಿಂದ ಅಲ್ಲಾಹನ ನೆಲ ಹ್ಯಾಂಗ ಕಾಣ್ತದ, ಒಂದ್ಸಲ ನೋಡಬೇಕಂತ ಅದ."

"ಓ, ಖಂಡಿತ! ಇದು ಇಬ್ಬರು ಕೂರೋ ರೆಕ್ಕೇನೇ" ಎಂದರು ವಿವೇಕಾನಂದ. "ಆದ್ರೆ ಈಗ ಗಾಳಿ ಮೆತ್ತಗಿದೆ. ಜೊತೆಗೆ ಕೂರೋರು ಎಪ್ಪತ್ತು ಕಿಲೋ ದಾಟಿದ್ರೆ ನಮ್ಮನ್ನ ಎತ್ತೋಲ್ಲ. ನಿಮ್ಮ ತೂಕ ಎಷ್ಟು?"

ಪಕ್ಕದ ರದ್ದಿ ಅಂಗಡಿಯ ಗುಲಾಮ್ ರಸೂಲ್, ಕೇಳದಿದ್ದರೂ ಉತ್ತರ ಕೊಡುವುದು ನೆರೆಯವರ ಧರ್ಮವೆಂದು ನಂಬಿದವನು. ತನ್ನ ಕಾಂಟಾವನ್ನು ಎತ್ತಿಕೊಂಡೇ ಬಂದ. ಹಳೇ ಪೇಪರು, ಕಬ್ಬಿಣ ತೂಗುವ, ಕೆಂಪು ಅಂಕಿ ಮಿನುಗುವ ಕಾಂಟಾ. ಮಕ್ಬೂಲ ನಿಂತ. ಎಪ್ಪತ್ತಾರು.

"ಇನ್ನೂ ಮೂರು ವಾರ ಇದೆ" ಎಂದರು ವಿದ್ಯಾವತಿ. "ನಮ್ಮ ಕೊನೇ ದಿನ ಭಾನುವಾರ, ಸಂಜೆ ಐದೂವರೆಗೆ ಬನ್ನಿ. ಸೋಮವಾರ ನಾವು ಹೊರಟ್ವಿ."

ಮಕ್ಬೂಲ ಮೂರು ವಾರ ಹೊತ್ತಿಗೊಂದು ಜೋಳದ ರೊಟ್ಟಿ ತಿಂದ. ಬಿರಿಯಾನಿ ಕಂಡರೆ ಸಾಲಗಾರನನ್ನು ಕಂಡಂತೆ ಓಣಿ ಬದಲಿಸಿದ. ಭಾನುವಾರ ಬೆಳಿಗ್ಗೆ ಕಾಂಟಾ ಹತ್ತಿದಾಗ ಅರವತ್ತೊಂಬತ್ತು ತೋರಿಸಿತು. ಅಂಗಿ ಅವನ ಮೈಮೇಲೆ ಗೂಟಕ್ಕೆ ತೂಗುಹಾಕಿದಂತಿತ್ತು.

"ಆತಲ್ಲ! ಇನ್ನ ಸಂಜೀ ತನಕ ಬಾಯಿಗಿ ಹೊಲಿಗಿ ಹಾಕ್ಕೋ" ಎಂದ ಗುಲಾಮ್ ರಸೂಲ್.

ಆದರೆ ಹೆಂಡತಿ ರೋಷನಬಿ ಬಾಗಿಲಿಗೆ ಅಡ್ಡ ನಿಂತಳು. "ಮಾಫಿ ಕೇಳ್ಲಾರದ ಹ್ಯಾಂಗ ಹೋಗ್ತೀರಿ? ಹಜ್‌ಗೆ ಹೋಗೋರೂ ಓಣಿ ತುಂಬ 'ಕಹಾ ಸುನಾ ಮಾಫ್' ಅಂತ ಕೇಳಿ ಹೋಗ್ತಾರ. ಅವ್ರ ಕಾಲಾದ್ರೂ ನೆಲದ ಮ್ಯಾಲ ಇರ್ತದ. ನೀವು ನೆಲಾನೇ ಬಿಡೋರು!"

ಮಾತು ನ್ಯಾಯವಾಗಿತ್ತು. ಆಡಿದ್ದು, ಅಂದದ್ದು ಎಲ್ಲ ಕ್ಷಮಿಸಿ ಎಂದು ಕೇಳಿ ಹೊರಟವನ ಹೆಗಲು ಹಗುರಾಗಿರುತ್ತದೆ. ಆದರೆ ಮೋಮಿನಪುರದಲ್ಲಿ ಮಾಫಿ ಬರಿಗೈಯಲ್ಲಿ ಸಿಗುವುದಿಲ್ಲ, ತಟ್ಟೆಯ ಸಮೇತ ಸಿಗುತ್ತದೆ.

ಮೊದಲ ಮನೆ ಇಕ್ಬಾಲ್ ಬೇಗಂ ಖಾಲಾದು. ಓಣಿಗೆ ಹಿರಿಯಳು, ಎಲ್ಲರಿಗೂ ಖಾಲಾ ಅಂದರೆ ಚಿಕ್ಕಮ್ಮ, ಎಂಬತ್ತರ ಮುದುಕಿ. ಮಕ್ಬೂಲ ಬಗ್ಗಿ ನಿಂತ. "ಖಾಲಾ, ಏನರ ತಪ್ಪ ಆಗಿದ್ರ ಮಾಫ್ ಮಾಡ್ರಿ."

"ಆಗಿದ್ರ ಅಂದ್ರ? ಆಗ್ಯಾವ!" ಎಂದಳು ಖಾಲಾ, ಅಡಿಕೆ ಕತ್ತರಿಸುತ್ತಾ. "ನನ್ನ ಮೊಮ್ಮಗಳ ಶಾದಿಯೊಳಗ ನಿನ್ನ ಶಾಮಿಯಾನ ಸೋರಿತ್ತು. ದುಲ್ಹನ ಮೂಗಿನ ಮ್ಯಾಲೇ ಸೋರಿತ್ತು."

"ಅದು ಮಳಿ ಜೋರಿತ್ತು ಖಾಲಾ..."

"ಮಳಿ ಮಾಫಿ ಕೇಳ್ಲಾಕ ಬಂದದೇನು? ನೀ ಬಂದೀದಿ. ಮಾಫ್ ಮಾಡೀನಿ, ಹೋಗು. ಈ ಶ್ಯಾವಿಗಿ ಖೀರು ಕುಡದು ಹೋಗು."

ಬಟ್ಟಲು ಒಂದು ಸಣ್ಣ ಕೆರೆಯಂತಿತ್ತು. ಮಕ್ಬೂಲ ತೂಕದ ಕತೆ ಹೇಳಿದ. ಖಾಲಾಳ ಮುಖ ಕೋಟೆಯ ಬಾಗಿಲಿನಂತೆ ಮುಚ್ಚಿಕೊಂಡಿತು. "ಹಾಂಗಾದ್ರ ಮಾಫಿ ವಾಪಸ್."

ಗುಲಾಮ್ ರಸೂಲ್ ಮುಂದೆ ಬಂದ. "ಖಾಲಾ, ಇವನ ವಕೀಲ ನಾನಿದ್ದೀನಿ. ಇವನ ಬಾಯಿ, ನನ್ನ ಬಾಯಿ ಬ್ಯಾರೆ ಏನು?" ಎಂದು ಬಟ್ಟಲೆತ್ತಿ ಒಂದೇ ಉಸಿರಿಗೆ ಕುಡಿದ. ಖಾಲಾ ಯೋಚಿಸಿ, ಶರೀಯತ್ತಿನಲ್ಲಿ ಇದಕ್ಕೆ ಅಡ್ಡಿಯಿಲ್ಲವೆಂದು ತೀರ್ಮಾನಿಸಿ, ಮಕ್ಬೂಲನ ತೋಳಿಗೆ ಇಮಾಮ್ ಜಾಮಿನ್ ಕಟ್ಟಿದಳು. ಪ್ರಯಾಣ ಸುಖವಾಗಲಿ ಎಂದು ನಾಣ್ಯವಿಟ್ಟು ಕಟ್ಟುವ ಬಟ್ಟೆಯ ಪಟ್ಟಿ ಅದು.

ಹೀಗೆ ಹದಿನಾಲ್ಕು ಮನೆ. ಒಂದು ಮನೆಯಲ್ಲಿ ತಹಾರಿ, ಒಂದರಲ್ಲಿ ಖೀಮಾ, ಮತ್ತೊಂದರಲ್ಲಿ ಹಿಂದಿನ ರಾತ್ರಿಯ ಶಾದಿಯಲ್ಲಿ ಉಳಿದ ಸಿಹಿ. ಮಾಫಿ ಕೇಳುವವನು ಮಕ್ಬೂಲ, ತಿನ್ನುವವನು ಗುಲಾಮ್ ರಸೂಲ್. ಪ್ರತಿ ಮನೆಯಿಂದ ಹೊರಬಂದ ಮೇಲೆ ಗುಲಾಮ್ ರಸೂಲ್ ಮಿತ್ರನನ್ನು ಕಾಂಟಾದ ಮೇಲೆ ನಿಲ್ಲಿಸಿ, "ಅರವತ್ತೊಂಬತ್ತೇ ಅದ, ವಾಸನಿ ತಗೊಂಡ್ರ ತೂಕ ಏರಂಗಿಲ್ಲ" ಎಂದು ಧೈರ್ಯ ಹೇಳುತ್ತಿದ್ದ. ಮಕ್ಬೂಲನ ಎರಡೂ ತೋಳು ಪಟ್ಟಿಗಳಿಂದ ತುಂಬಿ, ಎರಡೂ ಕೈ ಮುರಿದವನ ಹಾಗೆ ಕಾಣುತ್ತಿದ್ದ.

"ನೀನೂ ಒಂದ ಮಾತು ಮಾಫಿ ಕೇಳ್ಕೊ ಮಾರಾಯಾ, ಜೋಡಿ ಬಂದೀದಿ" ಎಂದ ಮಕ್ಬೂಲ.

"ನಾ ಯಾಕ ಕೇಳ್ಲಿ? ನಾ ಏನ ಹಾರ್ಲಾಕ ಹೊಂಟೀನೇನು?" ಎಂದು ಗುಲಾಮ್ ರಸೂಲ್ ತೇಗಿದ.

ಮಧ್ಯಾಹ್ನದ ನಮಾಜು ಮುಗಿಸಿ ಅದೇ ಓಣಿಯ ಚಾಂದಪಾಶಾನ ಟಂಟಂ ಆಟೋ ಹತ್ತಿದಾಗ ನೋಡಿದರೆ ಮಾಫಿ ಮಾಡಿದವರೆಲ್ಲ ಒಳಗೆ ಕೂತಿದ್ದಾರೆ. ತಾವು ಕ್ಷಮಿಸಿದ ಮನುಷ್ಯ ಹಾರುವುದನ್ನು ಕಣ್ಣಾರೆ ನೋಡದೆ ಹೇಗೆ ಬಿಟ್ಟಾರು? ಇಕ್ಬಾಲ್ ಬೇಗಂ ಮುಂದಿನ ಸೀಟಿನಲ್ಲಿ, ಕಾಂಟಾ ಗುಲಾಮ್ ರಸೂಲ್‌ನ ತೊಡೆಯ ಮೇಲೆ, ಮಕ್ಬೂಲ ಹಿಂದೆ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ.

ಕಮಲಾಪುರ ದಾಟಿ ಗುಡ್ಡದ ಬುಡದಲ್ಲಿ ಮರೆಪ್ಪನ ಬಾಳೆತೋಟ. ಗುಡ್ಡಕ್ಕೆ ಹೋಗುವ ಕಾಲುದಾರಿ ಅವನ ತೋಟದಲ್ಲೇ ಹಾದು ಹೋಗುತ್ತದೆ. ಮರೆಪ್ಪ ಕೆಂಬಾಳೆಯ ಒಂದು ಚಿಪ್ಪು ಹಿಡಿದು ದಾರಿಗೆ ಅಡ್ಡ ನಿಂತಿದ್ದ.

"ಹಾರೋ ಸಾಹುಕಾರ್ರು ಯಾರ್ರೀ ಇವ್ರೊಳಗ? ನೀವಾ? ತಗೋರಿ, ಎಲ್ಡು ಹಣ್ಣು ತಿನ್ರಿ."

"ಬ್ಯಾಡ್ರಿ ಗೌಡ್ರ, ತೂಕ..."

"ತೂಕೇನ್ರೀ, ಹಣ್ಣಿಂದು? ನಮ್ಮ ತ್ವಾಟದಾಗ ಹಾದು ಬಾಯಿ ಒಣಗಿಸ್ಕೊಂಡು ಹೋದ್ರ ಗಿಡಕ್ಕ ಹ್ಯಾಂಗನಸ್ತದ? ಮುಂದಿನ ವರ್ಷ ಗೊನಿ ಹಾಕ್ತದ ಅದು?"

ವಕೀಲರು ಮತ್ತೆ ಮುಂದೆ ಬಂದು ಆರು ಹಣ್ಣು ತಿಂದರು. ಉಳಿದ ಚಿಪ್ಪನ್ನು ರೋಷನಬಿ ಸೆರಗಿನಲ್ಲಿ ಕಟ್ಟಿಕೊಂಡಳು.

ಗುಡ್ಡ ಹತ್ತಿದರೆ ಗಾಳಿಯೋ ಗಾಳಿ. ಗಂಡಸರು ಟೋಪಿ ಹಿಡಿದುಕೊಂಡರು, ಹೆಂಗಸರು ಸೆರಗು ಹಿಡಿದುಕೊಂಡರು, ಇಕ್ಬಾಲ್ ಬೇಗಂ ಚಾಂದಪಾಶಾನನ್ನು ಹಿಡಿದುಕೊಂಡಳು. ಮಕ್ಬೂಲ ಅಂಚಿಗೆ ಹೋಗಿ ನಿಂತ. ಕೆಳಗೆ ಹಸಿರು, ಕಪ್ಪು, ಕೆಂಪು ಹೊಲಗಳು ತೇಪೆ ಹಾಕಿದ ಕೌದಿಯಂತೆ ಹರಡಿದ್ದವು. ಕಾಣದ ಕೈಯೊಂದು ಕೆಳಗಿನಿಂದ ತನ್ನನ್ನು ಮೆಲ್ಲಗೆ ಎತ್ತಿ ನೋಡುತ್ತಿದೆ ಎನಿಸಿ ಅವನ ಕಣ್ಣು ತುಂಬಿದವು. ದೇವರು ಗಾಳಿಯನ್ನು ಕಣ್ಣಿಗೆ ಕಾಣದ ಹಾಗೆ ಮಾಡಿದ್ದಾನೆ, ನಂಬಿದವನಿಗಷ್ಟೇ ಅದು ಹೆಗಲು ಕೊಡಲಿ ಎಂದು.

"ಬಂದ್ರಾ! ತೂಕ ಎಷ್ಟು?" ಎಂದು ವಿವೇಕಾನಂದ ಕೂಗಿದರು.

"ಅರವತ್ತೊಂಬತ್ತು!" ಎಂದ ಮಕ್ಬೂಲ, ಪರೀಕ್ಷೆಯಲ್ಲಿ ಪಾಸಾದವನ ದನಿಯಲ್ಲಿ.

ವಿವೇಕಾನಂದ ಹೆಂಡತಿಯ ಮುಖ ನೋಡಿದರು. ವಿದ್ಯಾವತಿ ಕೈಯಲ್ಲಿದ್ದ ಗಾಳಿ ಅಳೆಯುವ ಪುಟ್ಟ ಫಂಕಿ ನೋಡಿದರು. ಅದು ಗಿರಗಿರ ತಿರುಗುತ್ತಿತ್ತು.

"ಮಕ್ಬೂಲ್ ಅವರೇ, ಬೇಜಾರು ಮಾಡ್ಕೋಬೇಡಿ" ಎಂದರು ಆಕೆ. "ಇವತ್ತು ಗಾಳಿ ಭಾರೀ ಜೋರಿದೆ. ಹಗುರ ಇರೋರನ್ನ ಕೂರಿಸಿಕೊಂಡ್ರೆ ರೆಕ್ಕೆ ಮುಂದಕ್ಕೇ ಹೋಗಲ್ಲ, ಗಾಳಿ ಹಿಂದಕ್ಕೆ ದಬ್ಬಿ ಗುಡ್ಡದ ಆಚೆ ಎಸೆಯುತ್ತೆ. ಇವತ್ತು ಎಪ್ಪತ್ತೈದರ ಮೇಲೆ ಇರೋರು ಬೇಕು."

ಮಕ್ಬೂಲನಿಗೆ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಕೇಳಿಸಿದ್ದು ರೋಷನಬಿಗೆ. "ಹಾಂಗಾದ್ರ ಈಗ ತಿನ್ರೀ!" ಎಂದು ಸೆರಗು ಬಿಚ್ಚಿದಳು. ಮೂರು ವಾರ ಬಾಯಿ ಕಟ್ಟಿದವನು ಜನರೆಲ್ಲರ ಎದುರು ನಿಂತು ಏಳು ಕೆಂಬಾಳೆ ನುಂಗಿದ. ಕಾಂಟಾ ಹತ್ತಿದ. ಎಪ್ಪತ್ತು.

"ಕಲ್ಲು ಕಟ್ಕೋತೀನ್ರಿ ಸಾಹೇಬ್ರ, ಕಿಸೆದಾಗ ಹಾಕ್ಕೋತೀನಿ."

"ಕಲ್ಲು ಕಟ್ಕೊಂಡೋರನ್ನ ಹಾರಿಸೋಲ್ಲ ಮಕ್ಬೂಲ್ ಅವರೇ. ಮೇಲಿಂದ ಜಾರಿದ್ರೆ ಯಾರ ತಲೆ ಮೇಲೆ ಬೀಳುತ್ತೋ" ಎಂದರು ವಿವೇಕಾನಂದ. "ಸ್ವಲ್ಪ ಕಾಯೋಣ. ಗಾಳಿ ಮೆತ್ತಗಾದ್ರೆ ನೀವೇ. ಅಲ್ಲೀವರೆಗೆ ಭಾರ ಇರೋರು ಯಾರಾದ್ರೂ ಬಂದ್ರೆ ಒಂದು ಸುತ್ತು ಹೋಗಿ ಗಾಳಿ ನೋಡ್ಕೊಂಡು ಬರ್ತೀನಿ." ಅವರ ಕಣ್ಣು ಗುಂಪನ್ನು ಸುತ್ತಿ ಗುಲಾಮ್ ರಸೂಲ್‌ನ ಹೊಟ್ಟೆಯ ಮೇಲೆ ಬಂದು ನಿಂತಿತು.

"ನಾನಾ? ನಾ ಕಾಂಟಾ ಹಿಡಿಲಾಕ ಬಂದಾಂವ ರೀ!"

ಕಾಂಟಾದ ಮೇಲೆ ನಿಲ್ಲಿಸಿದರೆ ಎಂಬತ್ತೊಂದು. ಬೆಳಗಿನಿಂದ ಮಕ್ಬೂಲನ ಪರವಾಗಿ ತಿಂದದ್ದೆಲ್ಲ ಅಲ್ಲಿತ್ತು.

"ಇವನ ವಕೀಲ ನೀನೇ ಅಲ್ಲೇನು? ತಿನ್ನಲಾಕ ನಿಂದೇ ಬಾಯಿ, ಹಾರ್ಲಾಕೂ ನಿಂದೇ ಮೈ" ಎಂದು ಇಕ್ಬಾಲ್ ಬೇಗಂ ತೀರ್ಪು ಕೊಟ್ಟಳು. ಮಕ್ಬೂಲ ಅವನ ಕೈ ಹಿಡಿದು ಹೇಳಿದ, "ಹೋಗಿ ಬಾ ಭಾಯಿ. ನೀ ಜಲ್ದಿ ಬಂದ್ರ ನನ್ನ ಪಾಳಿ ಬರ್ತದ."

ಬೆಲ್ಟು ಬಿಗಿದರು, ಹೆಲ್ಮೆಟ್ ಹಾಕಿದರು. ಗುಲಾಮ್ ರಸೂಲ್ ಮುಂದೆ, ವಿವೇಕಾನಂದ ಅವನ ಬೆನ್ನಿಗೆ. ಬಟ್ಟೆ ಸರ್ರೆಂದು ತಲೆಯ ಮೇಲೆ ಎದ್ದಿತು. ಎರಡೇ ಹೆಜ್ಜೆ. ಮೂರನೆಯ ಹೆಜ್ಜೆಗೆ ಗುಲಾಮ್ ರಸೂಲ್‌ನ ಕಾಲಡಿ ನೆಲವಿರಲಿಲ್ಲ.

"ಯಾ ಅಲ್ಲಾಹ್!" ಎಂಬ ಕೂಗು ಗುಡ್ಡದ ಉದ್ದಕ್ಕೂ ಓಡಿತು. ಮಕ್ಬೂಲ ಮಾತ್ರ ತನ್ನ ಹೊಲಿಗೆ ನೋಡುತ್ತಿದ್ದ. ಗಾಳಿ ತುಂಬಿ ಉಬ್ಬಿದ ಬಟ್ಟೆಯಲ್ಲಿ ಸೀಳು ಎಲ್ಲಿತ್ತೆಂದು ಅವನಿಗೇ ಗುರುತು ಸಿಗಲಿಲ್ಲ.

ರೆಕ್ಕೆ ಗುಡ್ಡದ ತುದಿಯವರೆಗೆ ಹೋಗಿ ತಿರುಗಿ, ಗುಂಪಿನ ತಲೆಯ ಮೇಲೆ ಮೂರಾಳೆತ್ತರದಲ್ಲಿ ಹಾದು ಬಂತು. ಆಗ ಮೇಲಿನಿಂದ ದನಿ ಕೇಳಿತು.

"ಖಾಲಾ! ಕಹಾ ಸುನಾ ಮಾಫ್! ನಿಮ್ಮ ಹುಂಜ ಬೆಕ್ಕ ಒಯ್ದಿಲ್ಲ, ನಾ ಒಯ್ದೀನಿ!"

ಇಕ್ಬಾಲ್ ಬೇಗಂ ಬಾಯಿ ತೆರೆಯುವಷ್ಟರಲ್ಲಿ ರೆಕ್ಕೆ ಮುಂದೆ ಹೋಗಿತ್ತು. ನೆಲದ ಮೇಲೆ ಮಾಫಿ ಕೇಳದವನಿಗೆ ಆಕಾಶದಲ್ಲಿ ಎಲ್ಲ ನೆನಪಾಗತೊಡಗಿತ್ತು. ಗುಡ್ಡದ ಆ ತುದಿಗೆ ಹೋಗಿ ಬರುವಷ್ಟರಲ್ಲಿ ಮತ್ತೊಂದು ಸಿದ್ಧವಾಗಿರುತ್ತಿತ್ತು.

"ಚಾಂದಪಾಶಾ! ನಿನ್ನ ಟಂಟಂ ಕನ್ನಡಿ ಒಡದಾಂವ ನಾನೇ!"

ಮೂರನೆಯ ಸಲ ಬಂದಾಗ ಅವನು ಎರಡೂ ಕೈ ಮುಗಿದಿದ್ದ. "ಮಕ್ಬೂಲ ಭಾಯಿ! ಎಲ್ಲರೂ ಕೇಳ್ರಿ! ನನ್ನ ಕಾಂಟಾ ಸುಳ್ಳದ! ಕಿಲೋಕ್ಕ ನೂರು ಗ್ರಾಂ ಕಮ್ಮಿ ತೋರಸ್ತದ! ಮಾಫ್ ಮಾಡ್ರೀ...!"

ಓಣಿಯ ಹದಿನಾಲ್ಕು ಮನೆಯವರೂ ಹತ್ತು ವರ್ಷದಿಂದ ತಮ್ಮ ರದ್ದಿಯನ್ನು ಇದೇ ಕಾಂಟಾದ ಮೇಲೆ ತೂಗಿಸಿದವರು. ಎಲ್ಲರ ಕಣ್ಣು ನೆಲದ ಮೇಲಿದ್ದ ಕಾಂಟಾದ ಕಡೆಗೆ, ಅಲ್ಲಿಂದ ಆಕಾಶದ ಕಡೆಗೆ ಹೋದವು. ಇಕ್ಬಾಲ್ ಬೇಗಂ ಬಗ್ಗಿ ಒಂದು ಚಪ್ಪಲಿ ಕೈಗೆ ತೆಗೆದುಕೊಂಡಳು. ನೋಡನೋಡುತ್ತಿದ್ದಂತೆ ಎಲ್ಲರ ಕೈಗೂ ಚಪ್ಪಲಿ ಬಂತು.

ವಿದ್ಯಾವತಿ ಮಾತ್ರ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. "ಮಕ್ಬೂಲ್ ಅವರೇ! ಇದು ಎಪ್ಪತ್ತು ತೋರಿಸಿದ್ರೆ ನೀವು ನಿಜಕ್ಕೂ ಎಪ್ಪತ್ತೇಳರ ಮೇಲಿದೀರಿ! ಈ ಗಾಳಿಗೆ ಸರಿಯಾಗಿದೀರಿ. ಬೆಳಕು ಇನ್ನೂ ಮುಕ್ಕಾಲು ಗಂಟೆ ಇದೆ. ಇಳಿದ ತಕ್ಷಣ ನೀವೇ!" ಎಂದು ವಾಕಿಟಾಕಿಯಲ್ಲಿ ಗಂಡನನ್ನು ಕರೆದರು.

ಮಕ್ಬೂಲನ ಹೃದಯ ಹೊಲಿಗೆ ಯಂತ್ರದಂತೆ ಓಡತೊಡಗಿತು. ತನ್ನನ್ನು ಮೂರು ವಾರ ಉಪವಾಸ ಕೆಡವಿದ ಕಾಂಟಾದ ಮೇಲೆ ಸಿಟ್ಟು ಬರುವ ಮೊದಲೇ ಸಂತೋಷ ಬಂದುಬಿಟ್ಟಿತ್ತು.

ವಾಕಿಟಾಕಿ ಕರಕರ ಎಂದಿತು. "ಇಳಿಸೋಕೆ ಆಗ್ತಿಲ್ಲ ವಿದ್ಯಾ. ಕೆಳಗೆ ಜನ ಚಪ್ಪಲಿ ಹಿಡ್ಕೊಂಡಿದಾರೆ ಅಂತ ಇವರು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡುಬಿಟ್ಟಿದಾರೆ. ಮೇಲೆ ತೇಲಬಹುದು, ಹೀಗೆ ಹಿಡಿದ್ರೆ ಇಳಿಸೋದು ಅಪಾಯ. ಎಲ್ಲರೂ ಮಾಫ್ ಮಾಡಿದ್ರೆ ಮಾತ್ರ ಬಿಡ್ತಾರಂತೆ."

ಆಗ ಮಕ್ಬೂಲನಿಗೆ ಒದಗಿದ ಗತಿ ನೋಡಿ. ಬೆಳಿಗ್ಗೆ ತನಗಾಗಿ ಹದಿನಾಲ್ಕು ಮನೆ ಸುತ್ತಿದವನು ಸಂಜೆ ಅದೇ ಹದಿನಾಲ್ಕು ಮನೆಯವರ ಮುಂದೆ, ತನಗೆ ಮೋಸ ಮಾಡಿದವನಿಗಾಗಿ ಕೈ ಮುಗಿಯುತ್ತಾ ನಿಂತ.

"ಚಾಂದಪಾಶಾ, ಚಪ್ಪಲಿ ಹಾಕ್ಕೋ ಮಾರಾಯಾ. ಕನ್ನಡಿ ಏನು, ಹೊಸದು ಬರ್ತದ."

"ನೀ ಸುಮ್ಕಿರು ಮಕ್ಬೂಲ ಭಾಯಿ. ನನ್ನ ಕನ್ನಡಿ ಒಡದು, ದೃಷ್ಟಿ ಆಗ್ಯದಂತ ಹೇಳಿ ನನಗೇ ಪೀರ್ ಸಾಹೇಬ್ರ ಹತ್ರ ತಾಯತ ಕಟ್ಟಿಸಿದಾಂವ ಅಂವ!"

"ಸೂರ್ಯಾ ಮುಳಗ್ಲಾಕತ್ತದೋ! ನನಗಾಗಿ ಮಾಫ್ ಮಾಡು."

ಒಬ್ಬೊಬ್ಬರ ಚಪ್ಪಲಿ ಕಾಲಿಗಿಳಿಯಿತು. ರೋಷನಬಿ ಕೂಡ, "ನಿಮ್ಮ ಮುಖ ನೋಡಿ ಬಿಟ್ಟೀನಿ" ಎಂದಳು. ಉಳಿದದ್ದು ಇಕ್ಬಾಲ್ ಬೇಗಂ.

"ಹುಂಜಾನೂ ಹೋತು, ರದ್ದೀನೂ ಹೋತು" ಎಂದಳು ಮುದುಕಿ. "ನಾ ಆ ಬೆಕ್ಕಿಗಿ ಎರಡ ವರ್ಷ ಶಾಪ ಹಾಕೀನಿ. ಬೆಕ್ಕಿಗಿ ಯಾರು ಮಾಫಿ ಕೇಳ್ತಾರ?"

"ನಾ ಕೇಳ್ತೀನಿ ಖಾಲಾ. ನಾಳಿ ಮುಂಜಾನೇನೇ ಬೆಕ್ಕಿನ ಮುಂದ ಕೂತು ಕೇಳ್ತೀನಿ."

ಖಾಲಾ ಆಕಾಶ ನೋಡಿದಳು. ಮತ್ತೊಮ್ಮೆ ಹಾದುಹೋದ ಗುಲಾಮ್ ರಸೂಲ್ ಅಳುತ್ತಿದ್ದ. ಅವಳ ಮುಖದ ಸುಕ್ಕುಗಳು ಮೆಲ್ಲಗೆ ಸಡಿಲವಾದವು. ಯಾರನ್ನಾದರೂ ಕ್ಷಮಿಸಬೇಕಾದರೆ ಅವರನ್ನು ಸ್ವಲ್ಪ ದೂರದಿಂದ, ಸ್ವಲ್ಪ ಚಿಕ್ಕದಾಗಿ ನೋಡುವುದು ಒಳ್ಳೆಯದೇನೋ. "ಬಾರೋ ಕೆಳಗ, ಹುಚ್ಚಾ! ಮಾಫ್ ಮಾಡೀನಿ!" ಎಂದು ಚಪ್ಪಲಿಯನ್ನು ನೆಲಕ್ಕೆ ಹಾಕಿದಳು. ಹದಿನಾಲ್ಕು ಮನೆಯವರೂ ಒಂದೇ ಬಾಯಲ್ಲಿ "ಮಾಫ್!" ಎಂದು ಕೂಗಿದರು.

ರೆಕ್ಕೆ ತೂಗುತ್ತಾ ತೂಗುತ್ತಾ ಇಳಿದು ಬಂದು ಹುಲ್ಲಿನ ಮೇಲೆ ಮಲಗಿತು. ಮಾಫಿಯ ಬಲ ನೋಡಿ ಎಂದು ಜನ ಕಣ್ಣೊರೆಸಿಕೊಂಡರು. ಗುಲಾಮ್ ರಸೂಲ್ ಸಿಕ್ಕಸಿಕ್ಕವರ ಕಾಲಿಗೆ ಬಿದ್ದ. ಬಿದ್ದ ಕಾಲುಗಳಲ್ಲಿ ಒಂದು ಜೊತೆ ವಿವೇಕಾನಂದರದು.

ಮಕ್ಬೂಲ ಆಗಲೇ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ. "ಹೂಂ ಸಾಹೇಬ್ರ, ನಾ ತಯಾರಿದ್ದೀನಿ!"

ವಿದ್ಯಾವತಿ ಕೈಯಲ್ಲಿದ್ದ ಫಂಕಿಯನ್ನು ನೋಡಿದರು. ಅದು ಊಟ ಮಾಡಿ ಮಲಗಹೊರಟವರಂತೆ ನಿಧಾನವಾಗಿ ತಿರುಗುತ್ತಿತ್ತು.

"ನಿಮ್ಮ ಸ್ನೇಹಿತರು ಕೈ ಬಿಟ್ಟಿದ್ದು ನೀವೆಲ್ಲ ಕ್ಷಮಿಸಿದ್ದಕ್ಕೆ. ಆದ್ರೆ ಆ ಹೊತ್ತಿಗೆ ಗಾಳೀನೂ ಇಳಿದಿತ್ತು, ಅವರು ಬಿಡದಿದ್ರೂ ಕೆಳಗೆ ಬರಲೇಬೇಕಿತ್ತು" ಎಂದರು ಆಕೆ ಮೆಲ್ಲಗೆ. "ಈಗಿರೋದು ಮೆತ್ತನೆ ಗಾಳಿ. ಇದಕ್ಕೆ ಎಪ್ಪತ್ತರ ಒಳಗೆ ಇರಬೇಕು. ನೀವು ಎಪ್ಪತ್ತೇಳು."

"ಕಾಂಟಾ ಎಪ್ಪತ್ತೇ ತೋರಿಸ್ತದಲ್ರೀ!" ಎಂದ ಮಕ್ಬೂಲ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿ, ತಲೆ ತಗ್ಗಿಸಿದ.

ಟಂಟಂ ಕಲಬುರಗಿಯ ಕಡೆ ಹೊರಟಿತು. ಪಡುವಣ ಇನ್ನೂ ಕೆಂಪಗಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಮಿತ್ರರೂ ಕಾಲು ಇಳಿಬಿಟ್ಟು ಕೂತಿದ್ದರು. ಕಮಲಾಪುರ ದಾಟಿದ ಮೇಲೆ ಮಕ್ಬೂಲ ಕೇಳಿದ, "ಹೋಗ್ಲಿ, ಮ್ಯಾಲಿಂದ ಹ್ಯಾಂಗ ಕಾಣ್ತಿತ್ತು ಹೇಳು. ಹೊಲ, ಊರು, ದಾರಿ... ಎಲ್ಲಾ ಹೇಳು. ನೀ ನೋಡೀದಿ ಅಂದ್ರ ನಾ ನೋಡಿದಾಂಗೇ."

ಗುಲಾಮ್ ರಸೂಲ್ ಅಂಗಿಯ ಗುಂಡಿ ತಿರುವುತ್ತಾ ಹೇಳಿದ.

"ಭಾಯಿ, ಇದೊಂದು ಮಾಫಿ ಕೇಳೋದು ಉಳದದ. ಮ್ಯಾಲ ಹೋದ ಕೂಡ್ಲೇ ನಾ ಕಣ್ಣ ಮುಚ್ಚಿದ್ದೆ. ನಡುವ ಒಂದೇ ಸಲ ತೆರದೆ."

"ಆವಾಗ ಏನ್ ಕಂಡ್ತು?"

"ಚಪ್ಪಲಿ."